ತಗಡು ಮೂತಿಯ ಕೆಟ್ಲು

ಜೂರಕಾನ್‌ಗೆ ಚಿಕ್ಕಂದಿನಿಂದಲೂ ಎಣಿಸುವುದೆಂದರೆ ಪ್ರಾಣ. ಕುರಿಯಾಗಲಿ, ಕುದುರೆಯಾಗಲಿ, ಮದುವೆಗೆ ಬಂದ ನೆಂಟರಾಗಲಿ, ನಿಂತ ನಿಲುವಿನಲ್ಲೇ ಎಣಿಸಿ ಹೇಳುತ್ತಿದ್ದಳು. ಅವಳು ಹೇಳಿದ ಮೇಲೆ ಇನ್ನೊಬ್ಬರು ಬಾಯಿ ತೆರೆಯುವಂತಿರಲಿಲ್ಲ. ಸೋವಿಯತ್ ಕಾಲದಲ್ಲಿ ನಮ್ಮ ನಾರಿನ್ ಸೀಮೆಯ ಸಾಮೂಹಿಕ ಫಾರಂ ಒಂದರಲ್ಲಿ ಕುರಿಗಳ ಮೇಲ್ವಿಚಾರಕಿ ಅವಳೇ. ಬೂದು ಕುದುರೆಯ ಮೇಲೆ ಕೂತು ದೊಡ್ಡಿಗೆ ಬಂದಳೆಂದರೆ ಮೀಸೆ ಹೊತ್ತ ಕುರಿಗಾಹಿಗಳೂ ಟೋಪಿ ಸರಿಮಾಡಿಕೊಳ್ಳುತ್ತಿದ್ದರು.

ಆ ಕಾಲದ ಎಣಿಕೆ ಎಂಥದ್ದು ಅಂತ ನಮಗೆಲ್ಲ ಗೊತ್ತು ಬಿಡಿ. ಮೇಲಿನಿಂದ ತಪಾಸಣೆಯವರು ಬರುತ್ತಾರೆಂದು ಸುದ್ದಿ ಬಂದರೆ ಸಾಕು, ಗುಡ್ಡದಾಚೆಯ ಫಾರಂನ ಕುರಿಗಳು ಈಚೆಗೆ ಬಂದು ನಿಲ್ಲುತ್ತಿದ್ದವು. ಇಲ್ಲಿ ಎಣಿಸಿ ಮುಗಿಸಿ ತಪಾಸಣೆಯವರು ಊಟಕ್ಕೆ ಕೂತಾಗ ಅದೇ ಕುರಿಗಳು ನಮ್ಮವನ್ನೂ ಕರೆದುಕೊಂಡು ಆಚೆಗೆ ಹೊರಡುತ್ತಿದ್ದವು. ಪಂಚವಾರ್ಷಿಕ ಯೋಜನೆಗಾಗಿ ಅವುಗಳಷ್ಟು ನಡೆದವರು ಇಡೀ ಸೋವಿಯತ್ ಒಕ್ಕೂಟದಲ್ಲಿ ಯಾರೂ ಇರಲಿಕ್ಕಿಲ್ಲ. ಇದು ಮೋಸ ಅಂತ ಯಾರಿಗೂ ಅನ್ನಿಸಿರಲಿಲ್ಲ. ನೋಡಲು ಬಂದವರಿಗೆ ತುಂಬಿದ್ದನ್ನು ತೋರಿಸಬೇಕು. ಮನೆಗೆ ಬಂದ ಅತಿಥಿಗೂ ನಾವು ತಲೆತಲಾಂತರದಿಂದ ಮಾಡಿದ್ದು ಅದನ್ನೇ.

ಆಮೇಲೆ ಒಕ್ಕೂಟ ಮುರಿಯಿತು. ಫಾರಂ ಹಂಚಿಹೋಯಿತು. ಮನೆಗಿಷ್ಟು ಅಂತ ಬಂದ ಕುರಿಗಳು ಹಿಟ್ಟಿಗೂ ಸಕ್ಕರೆಗೂ ಒಂದೊಂದಾಗಿ ಹೊರಟುಹೋದವು. ಎಣಿಸಲು ಏನೂ ಇಲ್ಲದೆ ಜೂರಕಾನ್ ಜಿಲ್ಲಾ ಪಟ್ಟಣದ ಗಂಡನ ಮನೆಯಲ್ಲಿ ಮಂಕಾಗಿ ಕೂತಳು. ಕೋಳಿಗಳನ್ನು ದಿನಕ್ಕೆರಡು ಸಲ ಎಣಿಸುತ್ತಿದ್ದಳೆಂದು ಅವಳ ಗಂಡ ಈಗಲೂ ತಮಾಷೆ ಮಾಡುತ್ತಾನೆ.

ಅಂಥ ಹೊತ್ತಿಗೆ ಬಂತು ಈ ಹೊಸ ಕೆಲಸ. ರಾಜಧಾನಿಯಿಂದ ಇಸಾಬೆಕ್ ಅನ್ನುವ ತೆಳ್ಳಗಿನ ಅಧಿಕಾರಿಯೊಬ್ಬ ಬಂದು ಊರೂರಿಗೆ ಹೋಗಿ ಪ್ರಶ್ನೆ ಕೇಳುವವರು ಬೇಕು ಅಂದ. ಮನೆಯಲ್ಲಿ ಏನು ತಿನ್ನುತ್ತೀರಿ, ನೀರು ಎಲ್ಲಿಂದ ತರುತ್ತೀರಿ, ಮಕ್ಕಳು ಶಾಲೆಗೆ ಹೋಗುತ್ತಾರಾ, ಕಾಯಿಲೆ ಬಿದ್ದರೆ ಯಾರು ನೋಡುತ್ತಾರೆ, ಇಂಥವೇ ಪ್ರಶ್ನೆಗಳು. ಕೊನೆಯದು ಏಣಿಯ ಪ್ರಶ್ನೆ. ಹತ್ತು ಮೆಟ್ಟಿಲ ಏಣಿಯೊಂದಿದೆ ಅಂದುಕೊಳ್ಳಿ, ಅತಿ ಕೆಟ್ಟ ಬದುಕು ಕೆಳಗೆ, ಅತಿ ಒಳ್ಳೆಯದು ಮೇಲೆ. ನೀವು ಈಗ ಯಾವ ಮೆಟ್ಟಿಲ ಮೇಲಿದ್ದೀರಿ? ಐದು ವರ್ಷದ ಮೇಲೆ ಎಲ್ಲಿರುತ್ತೀರಿ?

“ಹಳೇ ದಾರಿ ಬಿಟ್ಟು ಹೊಸ ದಾರಿ ಹಿಡಿದ ದೇಶಗಳಲ್ಲೆಲ್ಲ ಇದೇ ಪ್ರಶ್ನೆ ಕೇಳ್ತಾರೆ ಅಕ್ಕ,” ಅಂದ ಇಸಾಬೆಕ್. “ಮೊಲ್ಡೋವಾ, ಅರ್ಮೇನಿಯಾ, ತಜಿಕಿಸ್ತಾನ, ಎಲ್ಲಾ ಕಡೆ. ಜನ ಎಲ್ಲಿ ಚೆನ್ನಾಗಿದ್ದಾರೆ, ಎಲ್ಲಿಲ್ಲ ಅಂತ ಒಂದೇ ತಕ್ಕಡಿಲಿ ತೂಗಿ ನೋಡೋದು.”

“ತಕ್ಕಡಿ ಒಂದೇ ಆದ್ರೆ ಆಯ್ತೇನಪ್ಪಾ, ತೂಗಿಸ್ಕೊಳ್ಳೋರು ಸುಮ್ನೆ ನಿಂತ್ಕೋಬೇಕಲ್ಲ,” ಅಂದಳು ಜೂರಕಾನ್. ಕೆಲಸ ಸಿಕ್ಕಿತು.

ಅವಳ ಪಾಲಿಗೆ ಬಂದ ಊರುಗಳಲ್ಲಿ ಅವಳ ತವರು ತಾಷ್‌ಬೆಲ್ ಕೂಡ ಇತ್ತು. ಘಟ್ಟದಾಚೆಯ ಊರು, ಹಿಮ ಬಿದ್ದರೆ ವಸಂತದವರೆಗೆ ದಾರಿಯಿಲ್ಲ. ನೆಂಟರ ಮನೆಗೆ ಪ್ರಶ್ನೆ ಕೇಳಲು ಹೋಗಬಾರದು ಅಂತ ನಿಯಮ ಓದಿ ಹೇಳಿದ ಇಸಾಬೆಕ್.

“ಹಂಗಾದ್ರೆ ನನ್ನ ಮೊಲ್ಡೋವಾಕ್ಕೇ ಕಳಿಸು ತಮ್ಮಾ. ಈ ಕಣಿವೇಲಿ ನಂಗೆ ನೆಂಟ್ರಲ್ದಿರೋದು ತೋಳಗಳು ಮಾತ್ರ.”

ಅವನು ನಕ್ಕು ಆ ಊರನ್ನೂ ಅವಳಿಗೇ ಬಿಟ್ಟ. ಬೇಸಿಗೆಯ ಕೊನೆಯಲ್ಲಿ ಅವಳು ತಾಷ್‌ಬೆಲ್‌ಗೆ ಹೋದಳು.

ಮೊದಲು ತಂಗಿ ಸಾಲ್ಕಿನ್ ಮನೆ. ಸಾಲ್ಕಿನ್ ವಿಧವೆ, ಮಾತಿನಲ್ಲಿ ಅಕ್ಕನಿಗಿಂತ ಚುರುಕು, ಊರ ಹೆಂಗಸರಿಗೆಲ್ಲ ಯಜಮಾನಿ ಇದ್ದ ಹಾಗೆ. ಅವಳ ಮಗ ದೂರದ ಹುಲ್ಲುಗಾವಲಿನಲ್ಲಿ ಕುದುರೆ ಕಾಯುತ್ತಿದ್ದ; ಸೊಸೆ ಮಾಯ್ರಮ್‌ಗೆ ಬಸಿರು ನಿಂತು ನಾಲ್ಕು ತಿಂಗಳು. ಅಕ್ಕ ಕೂತ ತಕ್ಷಣ ಹಾಸಿದ ಬಟ್ಟೆಯ ಮೇಲೆ ಬೆಣ್ಣೆ, ಕೆನೆ, ಏಪ್ರಿಕಾಟ್ ಮುರಬ್ಬ, ಎಣ್ಣೆಯಲ್ಲಿ ಕರಿದ ಬಿಸಿ ಹಿಟ್ಟಿನುಂಡೆ ಬೋರ್ಸೋಕ್ ಬಂದವು. ನಡುವೆ ಅವರ ಅವ್ವನ ಕಾಲದ ನೀಲಿ ಚಹಾ ಸೆಟ್ಟು. ಹತ್ತಿಹೂವಿನ ಚಿತ್ತಾರ, ಚಿನ್ನದ ಅಂಚು. ಕೆಟ್ಲಿನ ಮೂತಿ ಹಿಂದೆ ಯಾವಾಗಲೋ ಒಡೆದು ಅಪ್ಪ ಅದಕ್ಕೆ ತಗಡಿನ ಮೂತಿ ಹಾಕಿಸಿದ್ದ. ಸಾಲ್ಕಿನ್ ಬಟ್ಟಲಿಗೆ ಅರ್ಧಕ್ಕಿಂತ ಕಡಿಮೆ ಚಹಾ ಸುರಿದಳು. ನಮ್ಮಲ್ಲಿ ಅತಿಥಿಗೆ ಹಾಗೇ ಸುರಿಯುವುದು: ಗುಟುಕು ಮುಗಿದಂತೆಲ್ಲ ಮತ್ತೆ ಮತ್ತೆ ಹಾಕುತ್ತಾ ಹೋಗಬೇಕು, ಕೂತಿರಿ ಅಂತ ಅರ್ಥ. ಅಂಚಿನವರೆಗೆ ತುಂಬಿಸಿಕೊಟ್ಟರೆ ಕುಡಿದು ಎದ್ದು ಹೋಗಿ ಅಂತ.

ಅಲ್ಲಿಂದ ಪಕ್ಕದ ಗುಲ್ಸುನ್ ಮನೆಗೆ ಹೋದರೆ ಅಲ್ಲೂ ಬೆಣ್ಣೆ, ಕೆನೆ, ಮುರಬ್ಬ, ನೀಲಿ ಸೆಟ್ಟು. ಮೂರನೆಯ ಮನೆಯಲ್ಲೂ ನೀಲಿ ಸೆಟ್ಟು. ನಾಲ್ಕನೆಯ ಮನೆಯಲ್ಲಿ ಚಹಾ ಸುರಿಯುವಾಗ ಜೂರಕಾನ್ ಕೆಟ್ಲಿನ ಕಡೆ ನೋಡಿದಳು. ತಗಡಿನ ಮೂತಿ. ಅವಳು ಮುಂಬಾಗಿಲಿನಿಂದ ಹೊರಡುವಷ್ಟರಲ್ಲಿ ಹಿತ್ತಿಲ ಗೋಡೆಯ ಮೇಲಿಂದ ಕೆಟ್ಲು, ಬಟ್ಟಲು, ಬೆಣ್ಣೆಯುಂಡೆ, ನೆಲಕ್ಕೆ ಹಾಸುವ ಕೆಂಪು ಕಂಬಳಿ ಎಲ್ಲವೂ ಮುಂದಿನ ಮನೆಗೆ ದಾಟುತ್ತಿದ್ದವು. ಹಳೆಯ ಕುರಿಗಳ ನೆನಪಾಗಿ ಅವಳಿಗೆ ನಗು ಬಂತು.

ನಗು ಬಂದಮೇಲೆ ಬರೆಯುವುದನ್ನು ನಿಲ್ಲಿಸಬೇಕಿತ್ತು. ಅವಳು ನಿಲ್ಲಿಸಲಿಲ್ಲ. ಕಂಬಳಿ ಇದೆಯೇ, ಇದೆ. ಪಿಂಗಾಣಿ ಸಾಮಾನು ಇದೆಯೇ, ಇದೆ. ವಾರದಲ್ಲಿ ಮಾಂಸ? “ದೇವ್ರು ದೊಡ್ಡೋನು, ಇದೆಯಮ್ಮಾ.” ಏಣಿಯ ಯಾವ ಮೆಟ್ಟಿಲು? ಎಂಟು. ಮುಂದಿನ ಮನೆಯವರು ಒಂಬತ್ತು. ಕಣಿವೆಯ ಉಳಿದ ಊರುಗಳೆಲ್ಲ ಮೂರಕ್ಕೆ, ನಾಲ್ಕಕ್ಕೆ ಬಂದು ನಿಂತಿರುವಾಗ ತನ್ನ ತವರು ಹಾಳೆಯ ಮೇಲೆ ಜರತಾರಿ ಉಟ್ಟು ಕೂತಿತ್ತು. ಅವಳಿಗೆ ಎದೆಯುಬ್ಬಿತು. ಹೆಣ್ಣಿಗೆ ತವರಿನ ಹೆಮ್ಮೆ ಅನ್ನುವುದು ಎಲ್ಲಿ ಬಿಟ್ಟೀತು?

ಹೆಮ್ಮೆ ಇಳಿದದ್ದು ಶರತ್ಕಾಲದಲ್ಲಿ. ತಾಷ್‌ಬೆಲ್‌ನ ದಾದಿ ಬಾತ್ಮಾ ಔಷಧ ತರಲು ಪಟ್ಟಣಕ್ಕೆ ಬಂದವಳು ಜೂರಕಾನ್ ಮನೆಯಲ್ಲಿ ಕೂತು ಅತ್ತೇ ಬಿಟ್ಟಳು. ಊರಿನಲ್ಲಿ ಅವಳದೊಂದು ಸಣ್ಣ ಹೆರಿಗೆ ಕೋಣೆಯಿತ್ತು: ಒಂದು ಮಂಚ, ಒಂದು ಒಲೆ, ಒಂದು ಬೀರು. ಬಡ ಊರುಗಳ ಕೋಣೆಗಳಿಗೆ ಹೊರಗಿನ ಹಣ ಬರುತ್ತದಂತೆ, ಚೆನ್ನಾಗಿರುವ ಊರಿನವು ಮುಚ್ಚಿ ಪಟ್ಟಣದ ಆಸ್ಪತ್ರೆಗೆ ಸೇರುತ್ತವಂತೆ. ಪಟ್ಟಿಯಲ್ಲಿ ತಾಷ್‌ಬೆಲ್ ಎಲ್ಲಕ್ಕಿಂತ ಮೇಲಿತ್ತು.

“ಹಿಮ ಬೀಳೋಕ್ ಮುಂಚೆ ಬೀಗ ಹಾಕಿ ಅಂತ ಕಾಗದ ಬಂದಿದೆ ಅಕ್ಕಾ. ನಿಮ್ ಮಾಯ್ರಮ್‌ಗೆ ಜನವರೀಲಿ ದಿನ. ಘಟ್ಟ ಮುಚ್ಚಿರತ್ತೆ. ಮೊದಲನೇ ಹೆರಿಗೆ ಬೇರೆ, ಮಗು ಅಡ್ಡ ತಿರುಗಿರೋ ಹಾಗಿದೆ.”

ಜೂರಕಾನ್ ಮರುದಿನವೇ ಕುದುರೆ ಹತ್ತಿ ತಂಗಿಯ ಮನೆಗೆ ಹೋದಳು. ಸಾಲ್ಕಿನ್ ಎಂದಿನಂತೆ ಬಟ್ಟೆ ಹಾಸಲು ಎದ್ದಳು.

“ಕೂತ್ಕೊಳ್ಳೇ. ನಿನ್ ಕೆಟ್ಲು ನನ್ ಹಿಂದೆ ಊರೆಲ್ಲ ಸುತ್ತಿದ್ದು ನಂಗೊತ್ತು.”

“ಗೊತ್ತಿದ್ದೂ ಬರ್ಕೊಂಡ್ಯಲ್ಲ!” ಸಾಲ್ಕಿನ್ ತಿರುಗಿ ನಿಂತಳು. “ಆಗ ಬಾಯಿಗೆ ಬೀಗ ಹಾಕ್ಕೊಂಡಿದ್ದೋಳು ಈಗ ನ್ಯಾಯ ಹೇಳಕ್ ಬಂದ್ಯಾ?”

“ತಪ್ಪು ನಂದೂ ಇದೆ. ಅದಕ್ಕೇ ಬಂದೆ. ಮತ್ತೊಂದ್ಸಲ ಎಣಿಸ್ಬೇಕು ಅಂತ ಕೇಳ್ತೀನಿ. ಈ ಸಲ ಇದ್ದದ್ದು ಇದ್ದಂಗೆ ಹೇಳ್ರೇ.”

“ಏನಂತ ಹೇಳ್ಲಿ? ಬೆಳಿಗ್ಗೆ ರೊಟ್ಟಿ, ರಾತ್ರಿ ರೊಟ್ಟಿ, ನಡುವೆ ಬರೀ ಚಹಾ ಅಂತ್ಲಾ? ಸರ್ಕಾರದೋರ್ ಮುಂದೆ? ಕಂಡೋರ್ ಮುಂದೆ?”

“ಮಾಯ್ರಮ್ ಗತಿ?”

“ಬೆನ್ ಮೇಲೆ ಹೊತ್ಕೊಂಡು ಘಟ್ಟ ದಾಟಿಸ್ತೀನಿ. ಟೊರೊಗೆಲ್ದಿ ಮನೆ ಬಡವ್ರ ಮನೆ ಅಂತ ಮಾತ್ರ ಬರೆಸಲ್ಲ.” ಟೊರೊಗೆಲ್ದಿ ಅಂದರೆ ಅವಳ ಸತ್ತುಹೋದ ಗಂಡ. ಅಷ್ಟು ಹೇಳಿ ಸಾಲ್ಕಿನ್ ನೀಲಿ ಕೆಟ್ಲೆತ್ತಿ ಅಕ್ಕನ ಬಟ್ಟಲಿಗೆ ಸುರಿದಳು. ಸುರಿಯುತ್ತಲೇ ಹೋದಳು. ಚಹಾ ಚಿನ್ನದ ಅಂಚಿಗೆ ಬಂದು ತುಳುಕಿತು.

ಒಡಹುಟ್ಟಿದವಳು ತುಂಬಿದ ಬಟ್ಟಲು ಕೊಟ್ಟಳು. ಜೂರಕಾನ್ ಒಂದೇ ಉಸಿರಿಗೆ ಅದನ್ನು ಕುಡಿದು, ನಾಲಿಗೆ ಸುಟ್ಟುಕೊಂಡು, ಎದ್ದು ಬಂದಳು. ಘಟ್ಟ ಇಳಿಯುವವರೆಗೂ ಅಳು ತಡೆಯಲಾಗಲಿಲ್ಲ.

ಆದರೆ ಅಳುತ್ತಾ ಕೂರುವ ಜಾತಿಯಲ್ಲ ಅವಳು. ವಾರದೊಳಗೆ ಬಸ್ಸು ಹತ್ತಿ ರಾಜಧಾನಿಗೆ ಹೋಗಿ ಇಸಾಬೆಕ್‌ನ ಮೇಜಿನ ಮುಂದೆ ನಿಂತಳು.

“ತಮ್ಮಾ, ತಾಷ್‌ಬೆಲ್ ಲೆಕ್ಕ ತಪ್ಪು. ತಪ್ಪು ಬರೆದೋಳು ನಾನೇ. ಊರಿಗೆಲ್ಲ ಇರೋದು ಒಂದೇ ಕೆಟ್ಲು, ಒಂದೇ ಕಂಬಳಿ.”

ಇಸಾಬೆಕ್ ಹಣೆ ಒತ್ತಿಕೊಂಡ. “ಪಟ್ಟಿ ಹೋಗಿಬಿಟ್ಟಿದೆಯಲ್ಲಕ್ಕ. ಒಂದೂರಿಗೆ ಬಾಗಿಲು ತೆಗೆದ್ರೆ ನಾಳೆ ಎಲ್ಲಾ ಊರೂ ನಾವೂ ಬಡವರೇ ಅಂತ ಬರುತ್ವೆ.”

“ಬರ್ಲಿ. ನಮ್ಮೋರು ಬಾಯ್ಬಿಟ್ಟು ಬಡವರು ಅಂತಾರಾ ನೋಡೋಣ. ನಂಗಂತೂ ಸಾಕಾಗೋಯ್ತು.”

ಅವನು ಒಳ್ಳೆಯವನೇ. ಕೊನೆಗೆ ಒಂದು ದಾರಿ ಹೇಳಿದ. ಮರುತಪಾಸಣೆ ಅಂತ ಒಂದಿದೆ. ಹಾಳೆಯ ಮೇಲೆ ಊರಿಗೇ ಮೇಲಾಗಿರುವ ಮನೆಗೆ ತಾನೇ ಹೋಗಿ ಕೇಳುತ್ತಾನೆ. ಆ ಮನೆಯ ಲೆಕ್ಕ ಬಿದ್ದರೆ ಇಡೀ ಊರಿನದು ಹೊಸದಾಗಿ. ಬೀಳದಿದ್ದರೆ ಮಾತು ಮುಗಿಯಿತು. ಅಲ್ಲಿಯವರೆಗೆ ಜೂರಕಾನ್ ಆ ಮನೆಯವರಿಗೆ ಒಂದಕ್ಷರ ಹೇಳಿಕೊಡುವಂತಿಲ್ಲ.

ಅವನು ಹಾಳೆ ತಿರುವಿ ಹೆಸರು ಓದಿದ. ಸಾಲ್ಕಿನ್.

ಒಂದಕ್ಷರವೂ ಹೇಳಿಕೊಡಲಿಲ್ಲ ಅವಳು. ಹೇಳಿದ್ದರೂ ಕೇಳುವವಳಲ್ಲ ಸಾಲ್ಕಿನ್. ಆದರೆ ರಾಜಧಾನಿಯ ಅಧಿಕಾರಿ ಬರುತ್ತಾನೆ ಅನ್ನುವುದು ನಮ್ಮ ಕಣಿವೆಯಲ್ಲಿ ಗುಟ್ಟಾಗಿ ಉಳಿಯುವ ಮಾತೇ? ಜೀಪು ಸೇತುವೆ ದಾಟಿದಾಗಲೇ ಗುಲ್ಸುನ್ ಹಿತ್ತಿಲಿನಿಂದ ಹೊಗೆ ಏಳುತ್ತಿತ್ತು. ಹತ್ತು ಮನೆಯವರು ಸೇರಿ ಒಂದು ಟಗರು ಕಡಿದಿದ್ದರು. ಅದು ಬೆಳಗಿನಿಂದ ದೊಡ್ಡ ಹಂಡೆಯಲ್ಲಿ ಬೇಯುತ್ತಿತ್ತು.

ಇಸಾಬೆಕ್‌ನನ್ನು ಮೇಲಿನ ಜಾಗದಲ್ಲಿ ಕೂರಿಸಿದರು. ಜೂರಕಾನ್ ಬಾಗಿಲ ಹತ್ತಿರ ಕೂತಳು. ಅಲ್ಲಿಂದ ಕಿಟಕಿಯಾಚೆ ಹಿತ್ತಿಲ ಗೋಡೆ ಕಾಣುತ್ತಿತ್ತು. ಗೋಡೆಯ ಮೇಲೆ ಗುಲ್ಸುನ್‌ಳ ಹೂವಿನ ತಲೆವಸ್ತ್ರ, ಅದರ ಪಕ್ಕ ಹೊಳೆಯುವ ತಗಡಿನ ಮೂತಿ, ಹಬೆಯಾಡುವ ತಟ್ಟೆಗಳು. ಎಲ್ಲ ಸಿದ್ಧವಾಗಿತ್ತು.

“ನೀರು ತರ್ತೀನಿ,” ಅಂತ ಸಾಲ್ಕಿನ್ ಹೊರಗೆ ಹೋದಳು.

ಒಲೆಯ ಹತ್ತಿರ ಮಾಯ್ರಮ್ ಬೆರಣಿ ಹಾಕುತ್ತಿದ್ದಳು. ಹೊಟ್ಟೆ ಚೆನ್ನಾಗಿ ಕಾಣುತ್ತಿತ್ತು. ಬಗ್ಗಿದವಳಿಗೆ ಏಳಲಾಗದೆ ಗೋಡೆಗೆ ಕೈಯೂರಿ, ಸೊಂಟ ಹಿಡಿದು ನಿಂತಳು. ಹಿತ್ತಿಲ ಬಾಗಿಲಿನಿಂದ ಸಾಲ್ಕಿನ್ ತಿರುಗಿ ನೋಡಿದ್ದು ಜೂರಕಾನ್‌ಗೆ ಕಂಡಿತು. ಅತ್ತೆ ಸೊಸೆಯನ್ನು ನೋಡುತ್ತಾ ಕೊಡ ಹಿಡಿದುಕೊಂಡು ಹಾಗೇ ನಿಂತಿದ್ದಳು. ಜೂರಕಾನ್ ಮನಸ್ಸಿನಲ್ಲೇ ಬೇಡಿಕೊಂಡಳು. ತಾನು ಬರೆದ ತಪ್ಪನ್ನು ಈಗ ತಂಗಿ ತನ್ನ ಮಾನ ಕೊಟ್ಟು ತಿದ್ದಬೇಕಿತ್ತು; ಅದನ್ನು ಬೇಡುವ ಹಕ್ಕಾದರೂ ತನಗಿದೆಯೇ ಅಂತಲೂ ಅನ್ನಿಸಿತು.

ಆಮೇಲೆ ಗೋಡೆಯ ಕಡೆಯಿಂದ ಮಾತು ಕೇಳಿತು.

“ಹಿಡ್ಕೊಳ್ಳೇ ಬೇಗ, ಕೈ ಸುಡ್ತಿದೆ,” ಅಂದಳು ಗುಲ್ಸುನ್.

“ತಗೊಂಡ್ ಹೋಗು.”

“ಏನಂದೆ?”

“ತಗೊಂಡ್ ಹೋಗು ಅಂದೆ. ಕಿವಿ ಕೇಳ್ಸಲ್ವಾ?”

ಸಾಲ್ಕಿನ್ ಒಂದು ಕೊಡ ನೀರು ಮಾತ್ರ ಹಿಡಿದು ಬಂದಳು. ದಿನವೂ ಹಾಸುವ ತೇಪೆ ಬಿದ್ದ ಬಟ್ಟೆಯನ್ನೇ ಹಾಸಿದಳು. ರೊಟ್ಟಿ ಮುರಿದಿಟ್ಟಳು. ಬೆಣ್ಣೆಯಿಲ್ಲ, ಹಾಲಿಲ್ಲ, ಮುರಬ್ಬವಿಲ್ಲ. ಸೀಳು ಬಿಟ್ಟ ಬಟ್ಟಲುಗಳಲ್ಲಿ ಕರಿ ಚಹಾ ಕೊಟ್ಟಳು. ಆದರೂ ಇಸಾಬೆಕ್‌ಗೆ ಅರ್ಧ ಬಟ್ಟಲೇ ಸುರಿದಳು, ಮರ್ಯಾದೆ ತಪ್ಪಲಿಲ್ಲ. ಅಕ್ಕನಿಗೆ ಮಾತ್ರ ಮತ್ತೆ ಅಂಚಿನವರೆಗೆ ತುಂಬಿ, ಮುಖ ನೋಡದೆ ಮುಂದಕ್ಕೆ ತಳ್ಳಿದಳು.

ಇಸಾಬೆಕ್ ಕೇಳಿದ. ಅವಳು ಹೇಳಿದಳು. ಮಾಂಸವೇ? ಈ ವಾರವಿಲ್ಲ, ಹಿಂದಿನ ವಾರವೂ ಇಲ್ಲ. ಕಂಬಳಿ? ಮಾರಿದೆ. ಪಿಂಗಾಣಿ? ಒಂದು ಸೆಟ್ಟು, ಊರಿಗೆಲ್ಲ ಅದೇ. ಪ್ರತಿ ಉತ್ತರಕ್ಕೂ ಅವಳ ಕಿವಿ ಕೆಂಪಾಗುತ್ತಿತ್ತು, ದನಿ ಮಾತ್ರ ಇಳಿಯಲಿಲ್ಲ. ಸಾಲಕ್ಕೆ ಬಂದವರನ್ನು ಗದರುವವಳ ಹಾಗೆ ಬಡತನ ಒಪ್ಪಿಸಿದಳು.

“ಏಣಿಲಿ ಎಷ್ಟನೇ ಮೆಟ್ಟಿಲು?”

“ಎರಡು.”

“ಐದು ವರ್ಷದ ಮೇಲೆ?”

ಸಾಲ್ಕಿನ್ ಸೊಸೆಯ ಕಡೆ ನೋಡಿದಳು. “ಬಾತ್ಮಾ ಕೋಣೇಲಿ ಒಲೆ ಉರೀತಿದ್ರೆ ಒಂಬತ್ತು ಅಂತ ಬರ್ಕೊ. ಉರೀದಿದ್ರೆ ಈ ಕಡೆ ಬಂದು ಏಣಿ ಗೀಣಿ ಅಂತ ಕೇಳ್ಲೇಬೇಡ.”

ಇಸಾಬೆಕ್ ಬರೆದುಕೊಂಡ. ಹಾಳೆ ಮಡಿಸಿ, ಚೀಲಕ್ಕೆ ಹಾಕಿ, ಕೊಂಡಿ ಬಿಗಿದ. ಜೀಪು ಹತ್ತಿದ. ಅವನ ಜೊತೆ ಜೂರಕಾನ್.

ಜೀಪು ಸೇತುವೆಯ ಹತ್ತಿರ ಬಂದು ನಿಂತಿತು. ನಿಲ್ಲಲೇಬೇಕಾಯಿತು. ರಸ್ತೆಗೆ ಅಡ್ಡವಾಗಿ ಊರಿಗೆ ಊರೇ ನಿಂತಿತ್ತು. ಎಲ್ಲರ ಮುಂದೆ, ಅಡ್ಡದಾರಿಯಲ್ಲಿ ಓಡಿ ಬಂದು ಏದುಸಿರು ಬಿಡುತ್ತಾ, ಸಾಲ್ಕಿನ್.

“ಬರೆಯೋದು ಮುಗೀತಾ?” ಅಂತ ಕೇಳಿದಳು.

“ಮುಗೀತಮ್ಮ.”

“ಪೆನ್ನು ಒಳಗಿಟ್ಯಾ?”

“ಇಟ್ಟೆ.”

“ಹಂಗಾದ್ರೆ ಇಳಿ. ಇಷ್ಟೊತ್ತೂ ಕೆಲಸಕ್ಕೆ ಬಂದಿದ್ದೆ. ಈಗ ಅತಿಥಿ.”

ಸೇತುವೆಯ ಪಕ್ಕದ ಹುಲ್ಲಿನ ಮೇಲೆ ಕೆಂಪು ಕಂಬಳಿ ಹಾಸಿತ್ತು. ನೀಲಿ ಸೆಟ್ಟಿತ್ತು, ಬೆಣ್ಣೆಯಿತ್ತು, ಹಂಡೆ ಮುಚ್ಚಳ ತೆಗೆದು ಹಬೆಯಾಡುತ್ತಿತ್ತು. ಇಸಾಬೆಕ್ ಅದನ್ನೆಲ್ಲ ನೋಡಿದ. ಚೀಲದ ಮೇಲೆ ಕೈಯಿಟ್ಟುಕೊಂಡೇ ನಿಂತ. ಆ ಕೈ ಕೊಂಡಿ ಬಿಚ್ಚಿದರೆ ಎಲ್ಲ ಹೋಯಿತು.

“ಅಲ್ಲಮ್ಮಾ,” ಅಂದ ಅವನು ನಿಧಾನವಾಗಿ, “ವಾರದಲ್ಲಿ ಮಾಂಸ ಇಲ್ಲ ಅಂದ್ರಲ್ಲ?”

“ನೀನು ಕೇಳ್ದಾಗ ತಿಂದಿರ್ಲಿಲ್ಲಪ್ಪಾ. ಈಗ್ಲೂ ತಿಂದಿಲ್ಲ. ಅತಿಥಿ ಬಾಯಿಗಿಡದೆ ನಾವೆಲ್ಲಿ ತಿನ್ನೋದು? ಇದು ಮುಂದಿನ ವಾರದ ಲೆಕ್ಕ.”

ಹಿಂದೆ ನಿಂತ, ಊರಿಗೇ ಹಿರಿಯನಾದ ಮೊಲ್ಡಾಲಿ ಮುದುಕ ಮೊದಲು ನಕ್ಕ. ಆಮೇಲೆ ಇಸಾಬೆಕ್. ಚೀಲವನ್ನು ಜೀಪಿನೊಳಕ್ಕೆ ಎಸೆದು, ಬೂಟು ಬಿಚ್ಚಿ, ಕಂಬಳಿಯ ಮೇಲೆ ಕೂತ. ಟಗರಿನ ತಲೆಯನ್ನು ಅವನ ಮುಂದಿಟ್ಟರು. ಅವನು ಪದ್ಧತಿ ಮರೆತಿರಲಿಲ್ಲ. ಕಿವಿ ಕೊಯ್ದು ಹತ್ತಿರದ ಮಗುವಿಗೆ ಕೊಟ್ಟ. ನಮ್ಮಲ್ಲಿ ಯಾರಿಗೆ ಯಾವ ಎಲುಬು ಅನ್ನುವುದಕ್ಕೆ ಕಟ್ಟುನಿಟ್ಟಾದ ಕ್ರಮವಿದೆ, ಸೊಂಟದ ದೊಡ್ಡ ಎಲುಬು ಹಿರಿಯನಿಗೇ ಸಲ್ಲಬೇಕು. ಮೊಲ್ಡಾಲಿ ಮುದುಕ ತನ್ನ ಪಾಲಿಗೆ ಬಂದ ಅದನ್ನು ಎರಡೂ ಕೈಯಲ್ಲಿ ಎತ್ತಿ, ಎಲ್ಲರೂ ನೋಡುವ ಹಾಗೆ, ಬಾತ್ಮಾಳ ತಟ್ಟೆಗಿಟ್ಟ. ಬಾತ್ಮಾ ನಾಚಿ ತಲೆ ತಗ್ಗಿಸಿದಳು.

ಸಾಲ್ಕಿನ್ ಎಲ್ಲರಿಗೂ ಓಡಾಡಿ ಬಡಿಸಿದಳು. ಅಕ್ಕನ ಹತ್ತಿರ ಮಾತ್ರ ಬರಲಿಲ್ಲ. ಜೂರಕಾನ್‌ಗೆ ಚಹಾ ಕೊಟ್ಟಿದ್ದು ಗುಲ್ಸುನ್.

ಮನೆಮನೆಗೂ ಹೊಸ ಎಣಿಕೆಯಾಯಿತು. ಬೇರೆ ಊರಿನ ಹುಡುಗಿಯೊಬ್ಬಳು ಬಂದು ಮಾಡಿದಳು. ಸಾಲ್ಕಿನ್ ಎರಡು ಅಂದ ಮೇಲೆ ಯಾರು ತಾನೆ ಎಂಟು ಅಂದಾರು? ಬೀಗ ಹಾಕುವ ಕಾಗದ ವಾಪಸಾಯಿತು. ಮೊದಲ ಹಿಮಕ್ಕೆ ಎರಡು ದಿನ ಮುಂಚೆ ಬಾತ್ಮಾಳ ಕೋಣೆಗೆ ಒಂದು ಲಾರಿ ಕಲ್ಲಿದ್ದಲು ಏರಿ ಬಂತು. ಆಮೇಲೆ ಘಟ್ಟ ಮುಚ್ಚಿತು.

ಇಡೀ ಚಳಿಗಾಲ ಜೂರಕಾನ್‌ಗೆ ಆ ಕಡೆಯ ಸುದ್ದಿ ಇಲ್ಲ. ಫೋನ್ ತಂತಿ ಹರಿದು ಬಿದ್ದಿತ್ತು. ಜನವರಿ ಕಳೆಯಿತು, ಫೆಬ್ರವರಿ ಕಳೆಯಿತು. ಅವಳು ಕೋಳಿಗಳನ್ನು ಎಣಿಸುವುದನ್ನೂ ಬಿಟ್ಟಳು. ದಾರಿ ಬಿಟ್ಟಿದೆ ಅಂದ ದಿನವೇ ಕುದುರೆಗೆ ಜೀನು ಹಾಕಿದಳು. ಕುದುರೆಯ ಮೊಣಕಾಲುದ್ದ ಕೆಸರು ದಾಟಿ ತಂಗಿಯ ಅಂಗಳಕ್ಕೆ ಬಂದಾಗ ತಂತಿಯ ಮೇಲೆ ಪುಟ್ಟ ಪುಟ್ಟ ಬಟ್ಟೆಗಳು ಒಣಗುತ್ತಿದ್ದವು. ಅವಳು ಕುದುರೆಯಿಂದಿಳಿದು, ಕಡಿವಾಣ ಹಿಡಿದುಕೊಂಡೇ, ಅಲ್ಲೇ ನಿಂತು ಅತ್ತಳು.

“ಒಳಗ್ ಬಂದು ಅಳು, ಚಳಿ,” ಅಂತ ಬಾಗಿಲಿನಿಂದ ಸಾಲ್ಕಿನ್ ಕೂಗಿದಳು.

ಒಳಗೆ ಮಾಯ್ರಮ್ ಗಟ್ಟಿಮುಟ್ಟಾಗಿ ಕೂತಿದ್ದಳು. ಸಾಲ್ಕಿನ್ ಮಗುವನ್ನು ತಂದು ಅಕ್ಕನ ಮಡಿಲಿಗೆ ಹಾಕಿದಳು. ಹೆಣ್ಣು. ಕೆನ್ನೆ ಎರಡೂ ಕೆಂಪು ಕೆಂಪು.

“ಎರಡು ದಿನ ಕಷ್ಟಪಟ್ಲು. ಬಾತ್ಮಾ ಕಣ್ ಮುಚ್ಚಲಿಲ್ಲ. ಹೊರಗಡೆ ಹಿಮ ಕಿಟಕಿ ಮಟ್ಟ,” ಅಂದಳು ಸಾಲ್ಕಿನ್. ಮಗುವಿನ ಹೊದಿಕೆ ಸರಿಮಾಡುತ್ತಾ ಕೇಳಿದಳು, “ಆವತ್ತು ಒಂಬತ್ತು ಅಂದಿದ್ದೆ ಅಲ್ವಾ ನಾನು?”

“ಅದು ಐದು ವರ್ಷದ ಮೇಲಿನ ಮಾತು ಕಣೇ.”

“ಐದು ವರ್ಷ ಯಾರು ಕಾಯ್ತಾರೆ!”

ಅವಳು ಬಟ್ಟೆ ಹಾಸಿದಳು, ತೇಪೆ ಬಿದ್ದದ್ದನ್ನೇ. ರೊಟ್ಟಿ ಮುರಿದಿಟ್ಟಳು. ನೀಲಿ ಸೆಟ್ಟು ಎಲ್ಲೂ ಕಾಣಲಿಲ್ಲ. ಅಕ್ಕನ ಮುಂದೆ ಇಟ್ಟದ್ದು ಸೀಳು ಬಿಟ್ಟ ಹಳೆಯ ಬಟ್ಟಲು. ಜೂರಕಾನ್ ಮಗುವನ್ನು ಎದೆಗೊತ್ತಿಕೊಂಡು ತಂಗಿಯ ಕೈಯನ್ನೇ ನೋಡುತ್ತಿದ್ದಳು. ಚಹಾ ಬಟ್ಟಲಿನ ತಳ ಮುಟ್ಟಿತು, ಎರಡು ಬೆರಳು ಏರಿತು. ಸಾಲ್ಕಿನ್ ಅಲ್ಲಿಗೆ ನಿಲ್ಲಿಸಿದಳು.